ಬೂದಿ ಬುಧವಾರದ ದಾರಿ

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೋ ದೆ ಕಂಪೋಸ್ತೆಲಾ ಎಂಬ ಊರಿದೆ. ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬರಾದ ಸಂತ ಯಾಕೋಬರ ಸಮಾಧಿ ಅಲ್ಲಿದೆ ಎಂಬುದು ಕ್ರೈಸ್ತರ ನಂಬಿಕೆ. ಸಾವಿರ ವರ್ಷಗಳಿಂದ ಯುರೋಪಿನ ಜನ ಅಲ್ಲಿಗೆ ನಡೆದು ಹೋಗುತ್ತಿದ್ದಾರೆ. ಫ್ರಾನ್ಸಿನ ಗಡಿಯಿಂದ ಹೊರಡುವ ಹೆಸರಾಂತ ದಾರಿಯ ಉದ್ದ ಸುಮಾರು 780 ಕಿಲೋಮೀಟರು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನಂತೆ ನಡೆದರೆ ಐದು ವಾರ ಬೇಕು. 1980ರ ದಶಕದಲ್ಲಿ ವರ್ಷಕ್ಕೆ ಕೆಲವೇ ಸಾವಿರ ಮಂದಿ ನಡೆಯುತ್ತಿದ್ದ ಈ ದಾರಿಗಳಲ್ಲಿ 2024ರಲ್ಲಿ ನಡೆದು ಪ್ರಮಾಣಪತ್ರ ಪಡೆದವರು ಐದು ಲಕ್ಷದ ಹತ್ತಿರ. ಭಕ್ತರು ಮಾತ್ರವಲ್ಲ, ದೇವರನ್ನು ನಂಬದವರೂ ಹೋಗುತ್ತಾರೆ. ಅವಸರ ಬೇಡ, ಮೆಲ್ಲನೆ ನಡೆಯಿರಿ ಎಂಬುದು ಹೋಗಿ ಬಂದವರು ಹೊಸಬರಿಗೆ ಹೇಳುವ ಬುದ್ಧಿಮಾತು.

ನಮ್ಮಂಥ ಓದುಗರಿಗೆ ಈ ದಾರಿಯ ಕೊನೆಯಲ್ಲಿ ಒಂದು ಮುಳ್ಳಿದೆ. ಆ ಸಂತನಿಗೆ ಸ್ಪೇನಿನಲ್ಲಿ ಇರುವ ಇನ್ನೊಂದು ಹೆಸರು ‘ಮಾತಾಮೋರೋಸ್’. ಎಂದರೆ ಮೂರರನ್ನು, ಅಂದರೆ ಮುಸ್ಲಿಮರನ್ನು, ಕೊಂದವನು. ಬಿಳಿ ಕುದುರೆಯ ಮೇಲೆ ಕತ್ತಿ ಎತ್ತಿದ ಸಂತ, ಕುದುರೆಯ ಕಾಲಡಿಯಲ್ಲಿ ರುಂಡ ಕಳೆದುಕೊಂಡ ಮುಸ್ಲಿಮರು, ಇಂಥ ವಿಗ್ರಹ ಆ ಮಹಾ ದೇವಾಲಯದೊಳಗೇ ಇದೆ. ಈಗ ಸತ್ತವರ ಭಾಗ ಕಾಣದಂತೆ ಹೂವುಗಳಿಂದ ಮುಚ್ಚಿಡುತ್ತಾರೆ.

ಅದಕ್ಕೂ ಹಿಂದಿನ ಕತೆ ಇನ್ನೊಂದಿದೆ. 997ರಲ್ಲಿ ಕಾರ್ಡೋಬಾದ ಸೇನಾನಿ ಅಲ್-ಮನ್ಸೂರ್ ಈ ಊರಿಗೆ ನುಗ್ಗಿ ಇಗರ್ಜಿಯನ್ನು ಕೆಡವಿದ. ಸಮಾಧಿಯನ್ನು ಮಾತ್ರ ಮುಟ್ಟಲಿಲ್ಲ, ಅದಕ್ಕೆ ಕಾವಲು ಇಟ್ಟ ಎಂದು ಚರಿತ್ರೆಕಾರರು ಬರೆದಿದ್ದಾರೆ. ಆದರೆ ಇಗರ್ಜಿಯ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಕಾರ್ಡೋಬಾದವರೆಗೆ ಹೊರಿಸಿದ. ಅಲ್ಲಿನ ದೊಡ್ಡ ಮಸೀದಿಯಲ್ಲಿ ಅವು ದೀಪಗಳಾದವು. 1236ರಲ್ಲಿ ಮೂರನೇ ಫೆರ್ನಾಂದೋ ಕಾರ್ಡೋಬಾವನ್ನು ಗೆದ್ದಾಗ ಅದೇ ಗಂಟೆಗಳನ್ನು ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ಸಾಂತಿಯಾಗೋಗೆ ಹೊರಿಸಿದ. ಹೋಗುವಾಗ ಹೊತ್ತವರಿಗೂ ಬರುವಾಗ ಹೊತ್ತವರಿಗೂ ಗಂಟೆಯ ಭಾರ ಒಂದೇ ಇದ್ದಿರಬೇಕು.

ಇಷ್ಟು ದೂರದ ಕತೆಯನ್ನು ಇಲ್ಲಿ ಎತ್ತಿದ್ದು ಒಂದು ಕಾರಣಕ್ಕೆ. ನಮ್ಮ ದಕ್ಷಿಣ ಕನ್ನಡದಲ್ಲೂ ಕ್ರೈಸ್ತರು ನಡೆದ ಒಂದು ಉದ್ದದ ದಾರಿಯಿದೆ. ಅದಕ್ಕೆ ಹೆಸರಿಲ್ಲ, ಗುರುತಿನ ಕಲ್ಲಿಲ್ಲ, ಪ್ರಮಾಣಪತ್ರವೂ ಇಲ್ಲ. ಅದರ ಬಗ್ಗೆ ಮಾತೆತ್ತಿದರೆ ಒಬ್ಬರು ಸಿಟ್ಟಾಗುತ್ತಾರೆ, ಇನ್ನೊಬ್ಬರು ಖುಷಿಯಾಗುತ್ತಾರೆ. ಎರಡೂ ನಮಗೆ ಇಷ್ಟವಾಗುವುದಿಲ್ಲ.

ಇಲ್ಲಿಯ ಕೊಂಕಣಿ ಕ್ರೈಸ್ತರು ಮೊದಲು ಬಂದದ್ದೇ ವಲಸೆಗಾರರಾಗಿ. ಹದಿನಾರನೇ ಶತಮಾನದಿಂದ ಹದಿನೆಂಟರವರೆಗೆ ಗೋವೆಯಿಂದ ತಂಡ ತಂಡವಾಗಿ ದಕ್ಷಿಣಕ್ಕೆ ಇಳಿದರು. ಬರಗಾಲ, ಪೋರ್ಚುಗೀಸರ ತೆರಿಗೆ, ಮರಾಠರ ದಾಳಿ, ಹೀಗೆ ಕಾರಣ ಹಲವು. 1560ರಲ್ಲಿ ಗೋವೆಯಲ್ಲಿ ಆರಂಭವಾದ ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ಭಯ ಅವುಗಳಲ್ಲಿ ದೊಡ್ಡದು. ಕ್ರೈಸ್ತ ದೊರೆತನದ ಕಾಟ ತಾಳಲಾರದೆ ಓಡಿಬಂದ ಕ್ರೈಸ್ತರಿಗೆ ನೆಲ ಕೊಟ್ಟು ಬೇಸಾಯಕ್ಕೆ ಹಚ್ಚಿದವರು ಕೆಳದಿಯ ಲಿಂಗಾಯತ ಅರಸರು. ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಮಾತಿಗೆ ಸಿಕ್ಕ ಜಾಗ ತೀರ ಕಡಿಮೆ.

ರಾಣಿ ಚೆನ್ನಮ್ಮ ಕೆಳದಿಯನ್ನು ಆಳುತ್ತಿದ್ದ ಕಾಲಕ್ಕೆ ಜೋಸೆಫ್ ವಾಜ್ ಎಂಬ ಪಾದ್ರಿ ಇಲ್ಲಿಗೆ ಬಂದರು. ಗೋವೆಯ ಬೆನಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಕೊಂಕಣಿ ಮನುಷ್ಯ. 1681ರಿಂದ 1684ರವರೆಗೆ ಕೆನರಾದಲ್ಲಿ ಬರಿಗಾಲಲ್ಲಿ ಊರಿಂದೂರಿಗೆ ನಡೆದರು. ಪೋರ್ಚುಗಲ್ ದೊರೆಯ ಕಡೆಯ ಪಾದ್ರಿಗಳಿಗೂ ರೋಮಿನಿಂದ ನೇಮಕಗೊಂಡವರಿಗೂ ಆಗ ಅಧಿಕಾರದ ಜಗಳ. ವಾಜ್ ಅದರ ನಡುವೆ ಸಿಕ್ಕಿಕೊಂಡೂ ಜಗಳಗಂಟರಾಗಲಿಲ್ಲ. ಮುಂದೆ 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ದಾಟಿದರು. ಅಲ್ಲಿ ಕೆಥೋಲಿಕರನ್ನು ಅಟ್ಟಾಡಿಸುತ್ತಿದ್ದವರು ಡಚ್ಚರು, ಅವರೂ ಕ್ರೈಸ್ತರೇ. ಕ್ಯಾಂಡಿಯ ಬೌದ್ಧ ಅರಸ ಮೊದಲು ಗೂಢಚಾರನೆಂದು ಸೆರೆಗೆ ಹಾಕಿ, ಆಮೇಲೆ ನಂಬಿ ಆಶ್ರಯ ಕೊಟ್ಟ. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡ ಅವರನ್ನು ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೋದಲ್ಲಿ ಸಂತರೆಂದು ಸಾರಿದರು.

ಮಂಗಳೂರಿನ ಪೂರ್ವಕ್ಕಿರುವ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ರೋಗಿಯೊಬ್ಬ ಸಾಯುತ್ತಿದ್ದಾನೆ ಎಂದು ಸುಳ್ಳು ಹೇಳಿ ರಾತ್ರಿ ಅವರನ್ನು ಗುಡ್ಡಕ್ಕೆ ಕರೆಸಿ ಕೊಲ್ಲಲು ನೋಡಿದರಂತೆ. ಅವರು ಕೋಲನ್ನು ನೆಲಕ್ಕೆ ಊರಿದಲ್ಲಿ ಮೂರು ಒರತೆಗಳು ಚಿಮ್ಮಿದವಂತೆ. ಇದು ಜನರ ನಂಬಿಕೆಯ ಕತೆ. ಒರತೆಗಳು ಈಗಲೂ ಇವೆ, ಎಲ್ಲ ಜಾತಿಯವರೂ ಅಲ್ಲಿಗೆ ಹೋಗುತ್ತಾರೆ. ನಡೆದು ದಣಿದವನ ಹೆಸರಿನಲ್ಲಿ ಜನ ನೀರನ್ನು ನೆನೆಯುವುದು ನಮಗೆ ಹೊಸತಲ್ಲ. ಹಾಜಿರಾ ಬೀಬಿಯವರ ಓಟ ಮತ್ತು ಝಂಝಂ ನೆನಪಿರುವ ಯಾರಿಗೂ ಈ ಕತೆ ಪರಕೀಯವಾಗಿ ಕೇಳದು.

ಈಗ 1784ಕ್ಕೆ ಬರೋಣ.

ಎರಡನೇ ಮೈಸೂರು ಯುದ್ಧದ ಕೊನೆಯ ಘಟ್ಟ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಬಿದನೂರನ್ನೂ ಮಂಗಳೂರನ್ನೂ ಹಿಡಿಯಿತು. ಟಿಪ್ಪು ಸುಲ್ತಾನ್ ಬಿದನೂರನ್ನು ಮರಳಿ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಮುತ್ತಿಗೆ ಮುಗಿದದ್ದು 1784ರ ಜನವರಿ ಕೊನೆಗೆ. ಇಂಗ್ಲಿಷರಿಗೆ ಹಣ, ದವಸ, ಸುದ್ದಿ ಕೊಟ್ಟು ನೆರವಾದರು ಎಂಬುದು ಇಲ್ಲಿಯ ಕ್ರೈಸ್ತರ ಮೇಲಿನ ಆರೋಪ. ಆರೋಪ ಕೆಲವರ ಮಟ್ಟಿಗೆ ನಿಜವೇ ಇದ್ದೀತು. ಶಿಕ್ಷೆ ಮಾತ್ರ ಇಡೀ ಸಮುದಾಯಕ್ಕೆ. ಫೆಬ್ರವರಿ ಕೊನೆಯಲ್ಲಿ, ಬೂದಿ ಬುಧವಾರದಂದು, ಜನರನ್ನು ಹಿಡಿದು ಒಟ್ಟು ಮಾಡಿದರು ಎಂಬುದು ಕ್ರೈಸ್ತ ಸಮಾಜ ಇಂದಿಗೂ ಕಾಪಾಡಿಕೊಂಡು ಬಂದ ನೆನಪು. ಹಣೆಗೆ ಬೂದಿ ಹಚ್ಚಿಕೊಂಡು ನಲವತ್ತು ದಿನದ ತಪಸ್ಸುಕಾಲಕ್ಕೆ ಕಾಲಿಡುವ ದಿನ ಅದು. ಆಸ್ತಿ ಮುಟ್ಟುಗೋಲಾಯಿತು, ಇಗರ್ಜಿಗಳನ್ನು ಕೆಡವಿದರು. ಫರಂಗಿಪೇಟೆಯ ಮೊಂತೆ ಮಾರಿಯಾನೋ ಇಗರ್ಜಿ ಉಳಿದದ್ದು ಅಲ್ಲಿಯ ಪಾದ್ರಿ ಮಿರಾಂದಾ ಹೈದರಲಿಯ ಸ್ನೇಹಿತರಾಗಿದ್ದ ಕಾರಣಕ್ಕೆ ಎನ್ನುತ್ತಾರೆ.

ಎಷ್ಟು ಮಂದಿ? ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ 30 ಸಾವಿರ ಎಂದ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಅದಕ್ಕಿಂತ ದೊಡ್ಡ ಅಂಕಿ ಬರೆದ. ಇವರಿಬ್ಬರೂ ಇಂಗ್ಲಿಷರ ಕಡೆಯವರು, ಬಿಟ್ಟುಬಿಡೋಣ ಎನ್ನುವವರಿದ್ದಾರೆ. ಆದರೆ ಟಿಪ್ಪುವಿನ ಆಸ್ಥಾನದಲ್ಲೇ ಫಾರ್ಸಿಯಲ್ಲಿ ಬರೆಸಿದ ‘ಸುಲ್ತಾನ್-ಉತ್-ತವಾರೀಖ್’ 60 ಸಾವಿರ ಎನ್ನುತ್ತದೆ. ಆಸ್ಥಾನದ ಲೆಕ್ಕ ಉಬ್ಬಿದ್ದಿರಬಹುದು, ಅದು ಗೆದ್ದವರ ಚಾಳಿ. ಆದರೆ ನಡೆಯದ ಸಂಗತಿಯನ್ನು ಯಾರೂ ಹೆಮ್ಮೆಯಿಂದ ಬರೆಸುವುದಿಲ್ಲ.

ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಅವರು ನಡೆದ ದೂರ ಸುಮಾರು 210 ಮೈಲಿ, ತಗುಲಿದ್ದು ಆರು ವಾರ ಎಂದು ಬರಹಗಳು ಹೇಳುತ್ತವೆ. ಹಳೆಯ ಬರಹಗಳಲ್ಲಿ ಇದು ಜಮಾಲಾಬಾದ್ ಕೋಟೆಯ ದಾರಿ. ಬೆಳ್ತಂಗಡಿ ಹತ್ತಿರದ ಆ ಕೋಟೆ ಎದ್ದದ್ದು 1794ರಲ್ಲಿ. ಹಾಗಾಗಿ 1784ರಲ್ಲಿ ಅವರು ಕಂಡದ್ದು ಬರೀ ಬಂಡೆ, ಅದರಾಚೆಗೆ ಘಟ್ಟ. 210 ಮೈಲಿ ಎಂದರೆ 340 ಕಿಲೋಮೀಟರಿನ ಹತ್ತಿರ. ಆರು ವಾರಕ್ಕೆ ಭಾಗಿಸಿದರೆ ದಿನಕ್ಕೆ ಎಂಟು ಕಿಲೋಮೀಟರು.

ಈ ಲೆಕ್ಕವನ್ನು ನಾವು ಎರಡು ಮೂರು ಸಲ ಮಾಡಿ ನೋಡಿದೆವು. ಸಾಂತಿಯಾಗೋಗೆ ಹೋಗುವ ಅರವತ್ತು ದಾಟಿದ ಮುದುಕರೂ ದಿನಕ್ಕೆ ಇದರ ಎರಡರಷ್ಟು ನಡೆಯುತ್ತಾರೆ. ಎಂಟು ಕಿಲೋಮೀಟರು ನಮ್ಮೂರಿನ ಮಕ್ಕಳು ಹಿಂದೆ ಶಾಲೆಗೆ ಹೋಗಿ ಬರುತ್ತಿದ್ದಷ್ಟು ದೂರ. ಅಂಕಿ ಮಾತ್ರ ನೋಡಿದರೆ ಇದಕ್ಕಿಂತ ನಿಧಾನದ ಯಾತ್ರೆ ಇಲ್ಲ. ಆದರೆ ಆ ನಿಧಾನ ಬಂದದ್ದು ಎಲ್ಲಿಂದ? ಬಸುರಿಯರು, ಬಾಣಂತಿಯರು, ಎತ್ತಿಕೊಳ್ಳಬೇಕಾದ ಕೂಸುಗಳು, ಕೈಹಿಡಿದು ನಡೆಸಬೇಕಾದ ಮುದುಕರು, ಹಸಿದವರು, ಜ್ವರ ಬಂದವರು. ಜನಜಂಗುಳಿ ತನ್ನಲ್ಲಿರುವ ಅತ್ಯಂತ ದುರ್ಬಲನ ಹೆಜ್ಜೆಗಿಂತ ವೇಗವಾಗಿ ನಡೆಯಲಾರದು. ಮಾರ್ಚ್ ತಿಂಗಳ ಬಿಸಿಲು, ಘಟ್ಟದ ಏರು, ಸುತ್ತ ಸಿಪಾಯಿಗಳು. ದಾರಿಯಲ್ಲೇ ಸಾವಿರಗಟ್ಟಲೆ ಮಂದಿ ಸತ್ತರು. ಮಾರ್ಚ್ 11ರಂದು ಮಂಗಳೂರಿನಲ್ಲಿ ಟಿಪ್ಪು ಮತ್ತು ಇಂಗ್ಲಿಷರ ನಡುವಿನ ಒಪ್ಪಂದಕ್ಕೆ ಸಹಿ ಬಿದ್ದಾಗ ಇವರಿನ್ನೂ ದಾರಿಯಲ್ಲಿದ್ದರು. ತಪಸ್ಸುಕಾಲ ಪೂರ್ತಿ ದಾರಿಯಲ್ಲೇ ಕಳೆದು, ಈಸ್ಟರ್ ಹಬ್ಬದ ಹೊತ್ತಿಗೆ ಶ್ರೀರಂಗಪಟ್ಟಣ ಕಂಡಿರಬೇಕು. ಅಲ್ಲಿ ಪ್ರಾಯದ ಹುಡುಗರಿಗೆ ಸುನ್ನತ್ ಮಾಡಿಸಿ ‘ಅಹಮದಿ’ ದಳಗಳಿಗೆ ಸೇರಿಸಿದರು. ಹೆಣ್ಣುಮಕ್ಕಳ ಗತಿಯ ಬಗ್ಗೆ ಸ್ಕರಿ ಬರೆದದ್ದನ್ನು ಓದುವಾಗ ಪುಟ ಮುಚ್ಚಿಡಬೇಕೆನಿಸುತ್ತದೆ.

ನಮ್ಮ ಫಿಕ್ಹ್‌ನಲ್ಲಿ ಪ್ರಯಾಣಕ್ಕೆ ಒಂದು ಅಳತೆಯಿದೆ. ಹನಫಿಗಳ ಪ್ರಕಾರ ಮೂರು ದಿನದ ನಡಿಗೆಯಷ್ಟು ದೂರ ಹೊರಟವನು ಮುಸಾಫಿರ್. ನಮ್ಮ ಕರಾವಳಿಯ ಶಾಫಿಗಳು ಎರಡು ಮರ್ಹಲ ಎನ್ನುತ್ತಾರೆ. ಎಂಥ ನಡಿಗೆ ಎಂಬ ಪ್ರಶ್ನೆಗೂ ಹಿಂದಿನ ಉಲಮಾಗಳು ಉತ್ತರಿಸಿದ್ದಾರೆ. ಓಡುವ ಕುದುರೆಯದ್ದಲ್ಲ, ಒಂಟೆಯ ಮತ್ತು ಕಾಲ್ನಡಿಗೆಯವನ ನಡುತರದ ವೇಗ, ಅದೂ ನಡುನಡುವೆ ದಣಿವಾರಿಸಿಕೊಂಡು. ಇಷ್ಟು ನಡೆದವನಿಗೆ ನಮಾಜು ಮೊಟಕು, ಉಪವಾಸ ಮುಂದೂಡಬಹುದು. ನಡೆಯುವವನ ದಣಿವನ್ನು ಇಷ್ಟು ನಾಜೂಕಾಗಿ ಲೆಕ್ಕಹಾಕಿದ ಶರೀಅತ್ತಿನ ಹೆಸರು ಹೇಳುವ ಅರಸೊತ್ತಿಗೆಯ ಸಿಪಾಯಿಗಳು ಆ ಮಾರ್ಚ್ ತಿಂಗಳಲ್ಲಿ ಆ ತಾಯಂದಿರನ್ನು ಅಟ್ಟಿಕೊಂಡು ಹೋದರು. ಇದನ್ನು ನಾವೇ ಹೇಳಬೇಕು. ಬೇರೆಯವರು ಹೇಳುವ ದನಿ ಬೇರೆ.

ಹೇಳುವುದು ಸುಲಭವಲ್ಲ. ನಮ್ಮ ಎಷ್ಟೋ ಮನೆಗಳ ಗೋಡೆಯಲ್ಲಿ ಶೇರ್-ಎ-ಮೈಸೂರಿನ ಚಿತ್ರವಿದೆ. ಕಂಪೆನಿ ಸರಕಾರಕ್ಕೆ ತಲೆಬಾಗದೆ 1799ರ ಮೇ 4ರಂದು ಕತ್ತಿ ಹಿಡಿದೇ ಸತ್ತ ದೊರೆ ಆತ. ಆ ಚಿತ್ರವನ್ನು ಇಳಿಸಿ ಎಂದು ನಾವು ಹೇಳುತ್ತಿಲ್ಲ. 2015ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿ ಆರಂಭಿಸಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಸಾವೂ ಸಂಭವಿಸಿತು. 2019ರಲ್ಲಿ ಇನ್ನೊಂದು ಸರಕಾರ ಜಯಂತಿಯನ್ನೇ ಕೈಬಿಟ್ಟಿತು. ಆ ನಾಲ್ಕು ವರ್ಷಗಳಲ್ಲಿ ಎರಡೂ ಕಡೆಯವರು ಎಷ್ಟು ಮಾತಾಡಿದರು! ಸೆರೆ ಹೋದವರ ಬಗ್ಗೆ ಮರುಕದಿಂದ ಆಡಿದ ಮಾತು ಅದರಲ್ಲಿ ಎಷ್ಟಿತ್ತು?

ಇಂಥ ಚರ್ಚೆಗಳಲ್ಲಿ ನಮ್ಮವರು ತಟ್ಟನೆ ಶೃಂಗೇರಿಯ ಪತ್ರಗಳನ್ನು ಮುಂದಿಡುತ್ತಾರೆ. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸ್ವಾಮಿಗಳಿಗೆ ಬರೆದು ನೆರವು ಕಳಿಸಿದ್ದು ನಿಜ. ಮೈಸೂರು ಪ್ರಾಚ್ಯವಸ್ತು ಇಲಾಖೆಯ ನರಸಿಂಹಾಚಾರ್ಯರು 1916ರಲ್ಲಿ ಆ ಪತ್ರಗಳನ್ನು ಬೆಳಕಿಗೆ ತಂದದ್ದೂ ನಿಜ. ಅವು ಮುಖ್ಯ ದಾಖಲೆಗಳು. ಆದರೆ ಚರಿತ್ರೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲ. ಶೃಂಗೇರಿಗೆ ಕೊಟ್ಟದ್ದನ್ನು ಮಂಗಳೂರಿನ ಖಾತೆಗೆ ಜಮಾ ಮಾಡಲು ಬರುವುದಿಲ್ಲ. ಕಾರಣ ಧರ್ಮವಲ್ಲ, ಯುದ್ಧಕಾಲದ ರಾಜಕೀಯ ಎಂದು ವಾದಿಸುವ ಚರಿತ್ರೆಕಾರರ ಮಾತಿನಲ್ಲೂ ಹುರುಳಿದೆ. ದಾರಿಯಲ್ಲಿ ಸತ್ತ ಕೂಸಿಗೆ ಯಾವ ರಾಜಕೀಯವಿತ್ತು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಹಾಗೆಂದು ಇಂದಿನ ಪುತ್ತೂರಿನ ಮೀನು ಮಾರುವ ಬ್ಯಾರಿ 1784ಕ್ಕೆ ಜವಾಬು ಕೊಡಬೇಕೆಂದು ಕೇಳುವವರಿಗೂ ನಮ್ಮ ಸಲಾಮಿಲ್ಲ. ಗೋವೆಯ ಧರ್ಮವಿಚಾರಣೆಗೆ ಇಂದಿನ ಯಾವ ಪೊರ್ಬುವಿನ ಬಳಿ ಉತ್ತರ ಕೇಳೋಣ?

ಕ್ರೈಸ್ತ ಲೇಖಕರು ಈ ನೆನಪನ್ನು ಸಾಕಷ್ಟು ಸಾಕಿದ್ದಾರೆ. ಕೊಂಕಣಿಯ ದೊಡ್ಡ ಕಾದಂಬರಿಕಾರ ವಿ.ಜೆ.ಪಿ. ಸಲ್ಡಾನ್ಹಾ ಸೆರೆಯ ಕಾಲವನ್ನೇ ವಸ್ತುವಾಗಿಸಿ ಕಾದಂಬರಿಗಳನ್ನು ಬರೆದರು. ಅಲನ್ ಮಚಾದೋ ಪ್ರಭು ಇಂಗ್ಲಿಷಿನಲ್ಲಿ ಇಡೀ ಗ್ರಂಥವನ್ನೇ ಬರೆದಿದ್ದಾರೆ. ಮುಸ್ಲಿಂ ಲೇಖಕರ ಕಡೆಯಿಂದ, ಕತೆಗಾರರಾದ ನಮ್ಮನ್ನೂ ಸೇರಿಸಿ, ಈ ದಾರಿಗೆ ಬಂದ ಹೆಜ್ಜೆ ಕಡಿಮೆ.

ಈ ಕತೆಗೆ ಪುತ್ತೂರು, ಸುಳ್ಯದ ದಾರಿ ಸೇರಿಕೊಳ್ಳುವುದು ಕೊಡಗಿನ ಮೂಲಕ. ಕೊಡಗಿನ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡವನು. ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಅವನು ತಾನು ಹೊಸದಾಗಿ ಕಟ್ಟಿದ ವೀರರಾಜಪೇಟೆಯಲ್ಲಿ ನೆಲ ಕೊಟ್ಟ. ಅಲ್ಲಿಯ ಸಂತ ಅನ್ನಮ್ಮ ಇಗರ್ಜಿಯ ಹುಟ್ಟು 1792. ಸೆರೆಯ ರುಚಿ ಕಂಡವನಿಗೆ ಸೆರೆಯವರ ಕಷ್ಟ ಬೇಗ ತಿಳಿಯಿತೋ ಏನೋ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಘಟ್ಟ ಇಳಿದು ಮರಳಿದರು. ಕೆಲವರು ಅಲ್ಲೇ ನಿಂತರು, ಅವರ ನಡುವೆ ಇಗರ್ಜಿಯ ಕೆಲಸಕ್ಕೆ ಬಂದವರು ಫ್ರೆಂಚ್ ಪಾದ್ರಿ ಅಬೆ ದುಬಾಯ್. ಮರಳಿದವರು ಕಳೆದುಕೊಂಡ ಜಮೀನಿನಲ್ಲಿ ಬೇರೆಯವರು ಉಳುಮೆ ಮಾಡುತ್ತಿದ್ದರು. ಸೊನ್ನೆಯಿಂದ ಶುರು. ಒಂದು ತಲೆಮಾರು ಕಳೆದು, 1830ರಲ್ಲಿ, ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿ ಎದ್ದಿತು. ದೇವಮಾತೆ ಎಂದು ಆ ಹೆಸರಿನ ಅರ್ಥ.

ಅದಾದ ಏಳು ವರ್ಷಕ್ಕೆ ಈ ಸೀಮೆಯಲ್ಲಿ ಇನ್ನೊಂದು ನಡಿಗೆ. 1834ರಲ್ಲಿ ಕೊಡಗನ್ನು ನುಂಗಿದ ಕಂಪೆನಿ ಅಮರ ಸುಳ್ಯ ಮಾಗಣೆಯನ್ನು ಕೆನರಾಕ್ಕೆ ಸೇರಿಸಿ ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂದಿತು. 1837ರಲ್ಲಿ ಸುಳ್ಯದ ರೈತರು ದಂಗೆ ಎದ್ದು, ಬೆಳ್ಳಾರೆಯ ಖಜಾನೆ ಹಿಡಿದು, ಮಂಗಳೂರಿಗೆ ನಡೆದು ಎರಡು ವಾರದಷ್ಟು ಕಾಲ ಊರನ್ನು ವಶದಲ್ಲಿಟ್ಟುಕೊಂಡರು. ಆ ನಡಿಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಎದ್ದಿತು. ಒಳ್ಳೆಯದೇ ಆಯಿತು.

ನಾವು ಒಂದು ಫೆಬ್ರವರಿಯಲ್ಲಿ ಇಬ್ಬರು ಗೆಳೆಯರೊಂದಿಗೆ ಪುತ್ತೂರಿನಿಂದ ಸಂಪಾಜೆಯವರೆಗೆ ಮೂರು ದಿನ ನಡೆದೆವು. ಕುಂಬ್ರ, ಕಾವು, ಜಾಲ್ಸೂರು, ಸುಳ್ಯ, ಅರಂತೋಡು, ಕಲ್ಲುಗುಂಡಿ. ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ದಾಟುವ ಊರುಗಳು. ಲಾರಿಗಳ ಧೂಳು ಬಿಟ್ಟರೆ ದಾರಿಯೇನೂ ಕಷ್ಟದ್ದಲ್ಲ. ಸುಳ್ಯ ಕಳೆದ ಮೇಲೆ ಪಯಸ್ವಿನಿ ಹೊಳೆ ಆಗಾಗ ಜೊತೆಗೆ ಬರುತ್ತದೆ. ಅಡಿಕೆ ತೋಟ, ರಬ್ಬರ್, ಮತ್ತೆ ಅಡಿಕೆ. ಎರಡನೆಯ ದಿನ ಅಂಗಳದಲ್ಲಿ ಅಡಿಕೆ ಒಣಹಾಕುತ್ತಿದ್ದ ವಯಸ್ಸಾದ ಪೊರ್ಬುಗಳೊಬ್ಬರು, “ಎಲ್ಲಿಗೆ ಸಾಯ್ಬರೇ, ಈ ಬಿಸಿಲಿಗೆ? ಬಸ್ಸು ಸಿಗ್ಲಿಲ್ವಾ?” ಎಂದರು. ಹೀಗೆ ಹೀಗೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಮ್ಮ ಅಜ್ಜಿ ಹೇಳ್ತಿದ್ರು. ಎತ್ತಿಕೊಂಡ ಮಗುವನ್ನು ಯಾರದೋ ಹಟ್ಟಿಯಲ್ಲಿ ಬಿಟ್ಟು ಹೋದದ್ದಂತೆ, ಆ ಮಗುವಿನ ಕಡೆಯವರು ನಾವು” ಎಂದು ಒಳಗಿನಿಂದ ಬೆಲ್ಲ ನೀರು ತರಿಸಿದರು. ಆ ಹಟ್ಟಿ ಯಾರದ್ದಿರಬಹುದು ಎಂದು ಕೇಳಿದಾಗ ನಕ್ಕುಬಿಟ್ಟರು. “ಯಾರದ್ದಾದ್ರೂ ಆಗ್ಲಿ. ಹಾಲು ಕೊಟ್ಟಿದ್ದಾರಲ್ಲ.” ಹಿಡಿಯಲು ಬಂದಾಗ ಅಕ್ಕಪಕ್ಕದ ಹಿಂದೂ ಮನೆಗಳಲ್ಲಿ ಅಡಗಿ ಉಳಿದವರ ಕತೆಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಗ್ರಂಥಗಳಲ್ಲಿ ಅವರು ಒಂದು ಸಂಖ್ಯೆ ಮಾತ್ರ, ಸುಮಾರು 7 ಸಾವಿರ.

ಇತ್ತ ಕಡಬದ ಕಡೆಗೆ ಹೋದರೆ ಕ್ರೈಸ್ತರ ಬೇರೊಂದು ಲೋಕ. ಕಳೆದ ಶತಮಾನದ ನಡುಭಾಗದಿಂದ ತಿರುವಾಂಕೂರಿನ ಸುರಿಯಾನಿ ಕ್ರೈಸ್ತರು ಕಡಬ, ನೆಲ್ಯಾಡಿ, ಶಿರಾಡಿಯ ಕಾಡಂಚಿಗೆ ಬಂದು ರಬ್ಬರು, ಕಾಳುಮೆಣಸು ಬೆಳೆಸಿದರು. ಮಲಂಕರ ಕೆಥೋಲಿಕರಿಗೆ ಪುತ್ತೂರನ್ನೇ ಕೇಂದ್ರವಾಗಿಸಿ 2010ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಅವರ ಮೂಲದ ನಾಡಿನಲ್ಲಿ ಕಾಲ್ನಡಿಗೆಯ ಯಾತ್ರೆ ಇನ್ನೂ ಜೀವಂತ. ತಪಸ್ಸುಕಾಲದಲ್ಲಿ ಮರದ ಶಿಲುಬೆ ಹೊತ್ತು ಮಲಯಾಟ್ಟೂರಿನ ಬೆಟ್ಟ ಹತ್ತುತ್ತಾರೆ. ಫೆಬ್ರವರಿಯಲ್ಲಿ ಮಂಜಿನಿಕ್ಕರಕ್ಕೆ ದಿನಗಟ್ಟಲೆ ನಡೆಯುತ್ತಾರೆ. ಅಲ್ಲಿರುವುದು ತುರ್ಕಿಯ ಮಾರ್ದೀನಿನಲ್ಲಿ ಹುಟ್ಟಿದ ಪೇತ್ರಿಯಾರ್ಕ್ ಮೂರನೇ ಎಲಿಯಾಸರ ಗೋರಿ. ಇಲ್ಲಿಯ ಸಭೆಯ ಒಡಕನ್ನು ಸರಿಪಡಿಸಲು ಬಂದು, 1932ರಲ್ಲಿ ಆ ಕೆಲಸ ಮುಗಿಯುವ ಮೊದಲೇ ತೀರಿಕೊಂಡರು.

ಸಾಂತಿಯಾಗೋದ ಪ್ರಮಾಣಪತ್ರ ಸಿಗಬೇಕಾದರೆ ಕನಿಷ್ಠ 100 ಕಿಲೋಮೀಟರು ನಡೆದಿರಬೇಕು. ಪುತ್ತೂರಿನ ಮಾಯ್ ದೆ ದೇವುಸ್ ಇಗರ್ಜಿಯಿಂದ ಸುಳ್ಯ, ಸಂಪಾಜೆ, ಮಡಿಕೇರಿ ದಾಟಿ ವೀರರಾಜಪೇಟೆಯ ಸಂತ ಅನ್ನಮ್ಮ ಇಗರ್ಜಿಗೆ 120 ಕಿಲೋಮೀಟರಿನ ಹತ್ತಿರ. ದಿನಕ್ಕೆ ಇಪ್ಪತ್ತರಂತೆ ಆರು ದಿನ. ದಿನಕ್ಕೆ ಎಂಟೇ ನಡೆಯುತ್ತೇವೆ ಎನ್ನುವವರಿಗೆ ಹದಿನೈದು ದಿನ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜರಿದು ಈ ರಸ್ತೆ ಮುಚ್ಚಿತ್ತು, ಆದ್ದರಿಂದ ಮಳೆಗಾಲದಲ್ಲಿ ಹೊರಡಬಾರದು. ಫೆಬ್ರವರಿ, ಮಾರ್ಚ್ ಆದೀತು. ಶಿರಾಡಿ, ಚಾರ್ಮಾಡಿ ಘಟ್ಟಗಳಲ್ಲಿ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರ ಸಾಲು ಇಳಿಯುವ ಹೊತ್ತು ಅದು. 2025ರಲ್ಲಿ ಫೆಬ್ರವರಿ 26ಕ್ಕೆ ಶಿವರಾತ್ರಿ, ಮಾರ್ಚ್ 2ಕ್ಕೆ ರಮಝಾನಿನ ಮೊದಲ ಉಪವಾಸ, 5ಕ್ಕೆ ಬೂದಿ ಬುಧವಾರ ಬಂದಿತ್ತು. ಅಂಥ ವರ್ಷ ಹೊರಟರೆ ನಮ್ಮವರು ಹಗಲು ನೀರು ಕುಡಿಯುವಂತಿಲ್ಲ ಎಂದು ಯಾರಾದರೂ ಹೇಳಬಹುದು. ಮುಸಾಫಿರನಿಗೆ ರಿಯಾಯಿತಿ ಇದೆ.